ಒಂದೇ ಜೆರ್ಸಿಗೆ ಇಬ್ಬರು

ತೀರ್ಥಹಳ್ಳಿ

ನನಗೆ ಶಾಲು ಹೊದಿಸಿದ್ದೂ ಇಂಗ್ಲೆಂಡಿಗೆ ಹೋಗುವ ಮಾತು ಹುಟ್ಟಿದ್ದೂ ಒಂದೇ ಸಂಜೆ. ಮೊದಲನೆಯದು ಆಗದಿದ್ದರೆ ಎರಡನೆಯದಕ್ಕೆ ನಾನು ಒಪ್ಪುತ್ತಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ನಾನು ಹೊಸನಗರ ತಂಡದ ಬಲಗಡೆ ಕಾರ್ನರ್. ಸೆಮಿಫೈನಲ್ ಶುರುವಾಗುವ ಮೊದಲು ಮೈಕಿನಲ್ಲಿ ನನ್ನ ಹೆಸರು ಕೂಗಿ ವೇದಿಕೆಗೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ. "ನಮ್ಮ ತಾಲೂಕುಗಳ ಹೆಮ್ಮೆ, ಮಾಜಿ ಆಟಗಾರರಾದ ಶ್ರೀ ಷಣ್ಮುಖ ಅವರು" ಎಂದರು. ನಾನು ಜೆರ್ಸಿ ಹಾಕಿಕೊಂಡು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಆಡುವುದಕ್ಕೆ ತಯಾರಾಗಿ ನಿಂತಿದ್ದೆ. ದೊಡ್ಡ ಲೀಗಿನಲ್ಲಿ ಕೆಲವು ವರ್ಷ ಆಡಿದ್ದೆ, ಮಂಡಿ ನೋವಾದ ಮೇಲೆ ಅವರು ಕೈಬಿಟ್ಟರು, ಎಲ್ಲ ನಿಜ. ಆದರೆ ಇನ್ನೂ ಆಡುತ್ತಿರುವವನನ್ನು ಮಾಜಿ ಅನ್ನುವುದು ಯಾವ ನ್ಯಾಯ? ನನಗೆ ಆಗ ಮೂವತ್ತೊಂದು. ಆ ಸಿಟ್ಟಿಗೆ ಅವತ್ತು ಎದುರು ತಂಡದ ರೈಡರ್‌ಗಳ ಪಾದ ಹಿಡಿದರೆ ಸೀಟಿ ಊದುವವರೆಗೂ ಬಿಡಲಿಲ್ಲ.

ಆಟ ಮುಗಿದು ನೀರು ಕುಡಿಯುತ್ತಿದ್ದಾಗ ಕನ್ನಡಕದವರೊಬ್ಬರು ಬಂದು, ಎತ್ತು ಕೊಳ್ಳುವವರ ಹಾಗೆ ನನ್ನ ಕತ್ತು ಭುಜ ಎಲ್ಲ ಒತ್ತಿ ನೋಡಿದರು.

"ಎಂತ ತೂಕ ನಿಮ್ದು?"

"ತೊಂಬತ್ತೆರಡು. ಲೀಗಲ್ಲಿ ಇದ್ದಾಗ ಅಳೆದು ಅಳೆದು ಊಟ ಹಾಕ್ತಿದ್ರು. ಬಿಟ್ಟ ಮೇಲೆ ಅದನ್ನೆಲ್ಲ ಸೇರ್ಸಿ ಉಂಡಿದೀನಿ."

"ಕೆಲಸ ಎಂತ?"

"ಲಾರಿ ಲೋಡಿಂಗ್. ದಿಮ್ಮಿ, ಮೂಟೆ, ಏನು ಬಂದ್ರೂ."

ಅವರ ಹೆಸರು ಶ್ರೀಧರ. ತೀರ್ಥಹಳ್ಳಿ ಹತ್ತಿರದ ಮೇಷ್ಟ್ರೊಬ್ಬರ ಮಗ. ಇಂಗ್ಲೆಂಡಿನ ಒಂದು ರಗ್ಬಿ ಲೀಗ್ ಕ್ಲಬ್ಬಿನಲ್ಲಿ ಆಟಗಾರರ ಮೈಕೈ ನೋವು ನೋಡಿಕೊಳ್ಳುವ ಫಿಸಿಯೋ. ತಂಗಿ ಮದುವೆಗೆ ಬಂದವರು ಕಬಡ್ಡಿ ನೋಡಲು ಕೂತಿದ್ದರು. ನನ್ನ ಆಟವನ್ನು ಫೋನಿನಲ್ಲಿ ತೆಗೆದು ಅಲ್ಲೇ ಕೂತು ಅವರ ಕೋಚ್‌ಗೆ ಕಳಿಸಿದರು.

ರಗ್ಬಿ ಲೀಗ್ ಎಂದರೆ ಹೀಗೆ. ಒಂದೊಂದು ಕಡೆ ಹದಿಮೂರು ಜನ. ಚೆಂಡು ಸಾಂಬಾರು ಸೌತೆಕಾಯಿ ಆಕಾರ. ಅದನ್ನು ಎತ್ತಿಕೊಂಡು ಎದುರಾಳಿಗಳ ಕೊನೆಯ ಗೆರೆ ದಾಟಿ ನೆಲಕ್ಕೆ ಒತ್ತಬೇಕು. ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೆ ಮಾತ್ರ. ಅವರು ನಮ್ಮನ್ನು ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರದ್ದು. ಈ ಆಟದಲ್ಲಿ ಫಾರ್ವರ್ಡ್ ಎನ್ನುವವನ ಕೆಲಸ ಚೆಂಡು ಅಪ್ಪಿಕೊಂಡು ನೇರ ಎದುರಾಳಿಗಳ ಗುಂಪಿಗೇ ನುಗ್ಗುವುದು. ತಪ್ಪಿಸಿಕೊಂಡು ಓಡುವ ಚಂದ ಬೇರೆಯವರಿಗೆ. ಗುದ್ದಿಸಿಕೊಳ್ಳುವುದು ಫಾರ್ವರ್ಡ್‌ಗೆ.

ಆ ಕ್ಲಬ್ಬು ದೊಡ್ಡದಲ್ಲ. ಫಾರ್ವರ್ಡ್‌ಗಳು ಗಾಯವಾಗಿ ಕೂತಿದ್ದರು. ಆರು ವಾರ ಕರೆಸಿ ನೋಡುತ್ತೇವೆ, ಒಪ್ಪಿಗೆಯಾದರೆ ಮುಂದಿನ ಒಂದು ಸೀಸನ್ ಕರಾರು ಎಂದರು. ಆಗದೆ ಹೋದರೆ ಮೈಕಿನವರು ಅಂದದ್ದೇ ನಿಜ ಆಗುತ್ತಿತ್ತು.

ನನ್ನ ಹೆಂಡತಿ ಸವಿತಾ ಬಟ್ಟೆ ಮಡಚುತ್ತಲೇ ತೀರ್ಪು ಕೊಟ್ಟಳು. "ಹೋಗಿ ಬನ್ನಿ. ಇಲ್ಲಾಂದ್ರೆ ಆ ಶಾಲು ಕಂಡಾಗೆಲ್ಲ ಗೊಣಗ್ತೀರಿ. ಅದನ್ನ ಜನ್ಮಪೂರ್ತಿ ಕೇಳಕ್ಕೆ ನನ್ ಕೈಲಾಗಲ್ಲ."

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಮಂಡಿಗೆ ಹಚ್ಚಲು ಹುಂಚದ ಹತ್ತಿರದ ಪಂಡಿತರೊಬ್ಬರು ಕಾಸಿ ಕೊಟ್ಟ ಎಣ್ಣೆ ಪೆಟ್ಟಿಗೆಯಲ್ಲಿತ್ತು. ವಿಮಾನದ ಹೊಟ್ಟೆಯಲ್ಲಿ ಅದರ ಮುಚ್ಚಳ ಸಡಿಲಾಗಿ ಇದ್ದ ಬಟ್ಟೆಗೆಲ್ಲ ಕುಡಿಸಿಬಿಟ್ಟಿತ್ತು. ಪೆಟ್ಟಿಗೆ ಇಟ್ಟ ಕಡೆ ಜನ ಒಂದು ಹೆಜ್ಜೆ ಸರಿಯುತ್ತಿದ್ದರು. ಅದಕ್ಕಿಂತ ಮೊದಲಿನ ಸಂಕಟ ಪಾಸ್‌ಪೋರ್ಟ್ ನೋಡುವವನದು. ಆಳು ಬಾಗಿಲಿನಷ್ಟು ಅಗಲ. ಯಾಕೆ ಬಂದೆ ಎಂದು ಕೇಳಿದ.

ಶ್ರೀಧರ ಕಲಿಸಿಕೊಟ್ಟಿದ್ದ ದೊಡ್ಡ ವಾಕ್ಯ ಮರೆತೇ ಹೋಯಿತು. "ರಗ್ಬಿ ಲೀಗ್" ಎಂದೆ.

ಅವನು ಕ್ಲಬ್ಬಿನ ಕಾಗದ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲಿ ಆಡುತ್ತೀ ಎಂದ. ಫಾರ್ವರ್ಡ್ ಎಂದೆ. ಆಗ ಅವನು ತಲೆಯನ್ನು ಪಕ್ಕಕ್ಕೆ ತಿರುಗಿಸಿ ಕಿವಿ ತೋರಿಸಿದ. ಒಣಗಿದ ಅಣಬೆಯ ಹಾಗೆ ಮುರುಟಿ ತಲೆಗೆ ಅಂಟಿಕೊಂಡಿತ್ತು. ಅವನೂ ಹಳೆಯ ಫಾರ್ವರ್ಡ್. ನನ್ನ ಕಿವಿಯನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ ಠಸ್ಸೆ ಒತ್ತಿದ.

ಹೊರಗೆ ಶ್ರೀಧರ ಕಾರು ತಂದಿದ್ದರು. "ಬೇಗ ಹತ್ತಿ ಮಾರಾಯ್ರೇ, ಮಳೆ."

"ಎಲ್ಲಿ?" ಎಂದೆ. ಕೈ ಚಾಚಿ ನೋಡಿದೆ. ಮುಖಕ್ಕೆ ಏನೋ ತೇವ ತಾಗಿದ ಹಾಗಿತ್ತು.

"ಇಲ್ಲಿ ಇದನ್ನೇ ಮಳೆ ಅನ್ನೋದು. ಆಗುಂಬೇಲಿ ಇದ್ಕೆ ಹೆಸ್ರೇ ಇಲ್ಲ, ನನಗೂ ಗೊತ್ತು. ಹತ್ತಿ."

ಕೆವಿನ್ ಮನೆ

ಅಲ್ಲಿಂದ ಒಂದು ಗಂಟೆಯ ದಾರಿ. ಹಿಂದೊಮ್ಮೆ ಬಟ್ಟೆ ಗಿರಣಿಗಳಿದ್ದ ಊರು. ಗಿರಣಿ ಹೋಗಿದೆ, ಚಿಮಣಿ ನಿಂತಿದೆ. ಒಂದಕ್ಕೊಂದು ಒತ್ತಿಕೊಂಡ ಮನೆಗಳ ಸಾಲು. ಅದರಲ್ಲೊಂದು ಕೆವಿನ್ನನದು. ನನ್ನನ್ನು ಅವನ ಮನೆಯಲ್ಲೇ ಇಟ್ಟರು.

ಕೆವಿನ್ ಆ ಕ್ಲಬ್ಬಿನ ಎಂಟನೇ ನಂಬರಿನ ಫಾರ್ವರ್ಡ್. ವಾರದಲ್ಲಿ ಎರಡು ಸಂಜೆ ಅಭ್ಯಾಸ, ಭಾನುವಾರ ಪಂದ್ಯ. ಉಳಿದ ದಿನ ಮನೆಗಳ ಮಾಡಿಗೆ ಕಲ್ಲಿನ ಹಂಚು ಹೊದಿಸುವ ಕೆಲಸ. ಆ ಊರಿನಲ್ಲಿ ಹಂಚನ್ನು ಕಲ್ಲಿನಲ್ಲೇ ಸೀಳುತ್ತಾರೆ. ಅವನ ಮೂಗು ಎರಡು ಕಡೆ ಸೊಟ್ಟ, ಬಲಗೈಯ ಕಿರುಬೆರಳು ಎಲ್ಲಿಗೋ ದಾರಿ ತೋರಿಸುವ ಹಾಗೆ ಹೊರಗೆ ಚಾಚಿಕೊಂಡಿತ್ತು. ಮಾತು ಕಡಿಮೆ. ಆಡಿದ್ದರಲ್ಲಿ ನನಗೆ ಅರ್ಧ ತಿಳಿಯುತ್ತಿತ್ತು. ಇಲ್ಲಿ ಅವನ ಮಾತನ್ನು ನಮ್ಮ ಮಾತಿಗೆ ತಂದು ಬರೆದಿದ್ದೇನೆ. ಷಣ್ಮುಖ ಎನ್ನುವುದು ಅವನ ಬಾಯಿಗೆ ಬರಲಿಲ್ಲ, ಶಾನ್ ಎಂದು ಕತ್ತರಿಸಿದ.

ಮೊದಲ ದಿನವೇ ಮರ್ಯಾದೆ ಹೋಯಿತು. ಅವರ ಬಚ್ಚಲಿಗೆ ಜಮಖಾನ ಹಾಸಿತ್ತು. ಬಚ್ಚಲಿಗೆ ಜಮಖಾನ ಹಾಸುವ ಜನ ಭೂಮಿಯ ಮೇಲೆ ಇದ್ದಾರೆ ಎಂದು ನನಗೇನು ಗೊತ್ತು. ಅದು ಕಾಲು ಒರೆಸಲು ಇರಬಹುದು ಎಂದುಕೊಂಡು, ತೊಟ್ಟಿಯ ಹೊರಗೆ ನಿಂತು ಚೊಂಬಿನಲ್ಲಿ ಧಾರಾಳ ಮಿಂದೆ. ಕೆಳಗೆ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ ಕೆವಿನ್ನನ ತಲೆಯ ಮೇಲೆ ತೊಟ್ಟಿಕ್ಕಿತಂತೆ. ಮೇಲೆ ಬಂದು ಬಾಗಿಲು ತಟ್ಟಿದ.

"ಊರವರ ಮನೆ ಸೋರದ ಹಾಗೆ ಮಾಡೋದು ನನ್ನ ಹೊಟ್ಟೆಪಾಡು" ಎಂದ. "ನೀನು ನನ್ನ ಮನೇನೇ ಒಳಗಿಂದ ಸೋರಿಸಿದ್ಯಲ್ಲ."

ಅವನ ಹೆಂಡತಿ ಲಿಂಡಾ ಆ ಜಮಖಾನವನ್ನು ಸುತ್ತಿ ಹಿತ್ತಲ ಗೋಡೆಯ ಮೇಲೆ ಹಾಕುತ್ತಾ, "ಹೋಗ್ಲಿ ಬಿಡು ಲವ್, ನನಗೂ ಅದು ಬೇಡವಾಗಿತ್ತು" ಎಂದಳು. ಆ ಊರಲ್ಲಿ ಎಲ್ಲರೂ ಎಲ್ಲರನ್ನೂ ಲವ್ ಎನ್ನುತ್ತಾರೆ. ಬಸ್ಸಿನ ಡ್ರೈವರಮ್ಮ, ಅಂಗಡಿಯ ಅಜ್ಜಿ, ಕೊನೆಗೆ ಗಡ್ಡ ಬಿಟ್ಟ ಮೀನಿನ ಅಂಗಡಿಯವನೂ. ನಮ್ಮಲ್ಲಿ ಮಾರಾಯ ಅನ್ನುವ ಹಾಗೆ. ಇದನ್ನು ಫೋನಿನಲ್ಲಿ ಸವಿತಾಗೆ ಹೇಳಬಾರದಿತ್ತು.

"ಯಾರ್ರೀ ಅಂದಿದ್ದು?"

"ಎಲ್ಲರೂ ಅಂತಾರೆ ಕಣೇ."

"ಎಲ್ಲರೂ ಅಂತಾರಾ. ಹೋದ ಕೂಡ್ಲೇ ಇಷ್ಟು ಜನ ಆಗಿದಾರೆ, ಒಂದು ವರ್ಷ ಇದ್ರೆ ಏನ್ ಗತಿ? ಊಟ ಮಾಡಿದ್ರಾ?"

ಮಾಡಿದ್ದೆ. ನಾನು ಫಾರ್ವರ್ಡ್‌ಗೆ ಹಗುರ ಎಂದು ಕ್ಲಬ್ಬಿನವರು ಹೇಳಿದ್ದರಿಂದ ಲಿಂಡಾ ಬೇಯಿಸಿದ ಆಲೂಗಡ್ಡೆಯನ್ನು ಗುಡ್ಡೆ ಹಾಕುತ್ತಿದ್ದಳು. ಸಾರಿಲ್ಲ, ಖಾರವಿಲ್ಲ. ಕೆಲಸ ಎಂದುಕೊಂಡು ತಿಂದೆ.

ಮೈದಾನ

ಅಂಕಣಕ್ಕೆ ಕಾಲಿಡುವ ಮೊದಲು ನಾವು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅಲ್ಲೂ ಹಾಗೆ ಮಾಡಿದೆ. ಏನೋ ಬಿದ್ದುಹೋಯಿತು ಎಂದುಕೊಂಡು ಇಬ್ಬರು ಆಟಗಾರರು ಬಗ್ಗಿ ಹುಡುಕತೊಡಗಿದರು.

ಹಿಡಿಯುವುದರಲ್ಲಿ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎಂಥ ಆನೆ ಬರಲಿ, ಪಾದದ ಮೇಲಿನ ಗಂಟು ಸಣ್ಣದೇ ಇರುತ್ತದೆ. ಅಲ್ಲಿ ಬಿದ್ದು ಹಿಡಿದರೆ ಆನೆಯೂ ಬೀಳುತ್ತದೆ. ಕೋಚ್‌ನ ಹುಬ್ಬು ಮೇಲೆ ಹೋದದ್ದನ್ನು ನಾನು ನೋಡಿದೆ. ಕಷ್ಟ ಅದಾದ ಮೇಲಿನದು. ಕೆಡವಿದ ಕೂಡಲೇ ಬಿಟ್ಟು, ಎದ್ದು, ಹತ್ತು ಮೀಟರು ಹಿಂದಕ್ಕೆ ಓಡಿ, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮತ್ತೆ ಕೆಡವಬೇಕು, ಮತ್ತೆ ಓಡಬೇಕು. ಕಬಡ್ಡಿ ಅಂಕಣದಲ್ಲಿ ಹತ್ತು ಮೀಟರು ಹಿಂದೆ ಓಡಿದರೆ ಪ್ರೇಕ್ಷಕರ ಮಡಿಲಲ್ಲಿ ಇರುತ್ತೇವೆ.

ಆಮೇಲೆ ಚೆಂಡನ್ನು ನನ್ನ ಕೈಗೆ ಕೊಟ್ಟರು. ನುಗ್ಗಿದೆ. ಮೂವರು ಸೇರಿ ನನ್ನನ್ನು ಕೆಡವಿದರು. ಎದ್ದೆ. ಚೆಂಡನ್ನು ಅಲ್ಲೇ ಇಟ್ಟು, ಗೆರೆ ದಾಟಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತುಕೊಂಡೆ.

ಆಟ ನಿಂತಿತು. ಪೆಟ್ಟಾಯಿತೇನೋ ಎಂದು ಶ್ರೀಧರ ಚೀಲ ಹಿಡಿದು ಓಡಿ ಬಂದರು.

"ಎಂತ ಆಯ್ತು? ಮಂಡಿನಾ?"

"ಏನಿಲ್ಲ. ಔಟ್ ಆದೆ."

"ಇದ್ರಲ್ಲಿ ಎಂತ ಔಟು ಮಾರಾಯ್ರೇ. ಏಳಿ, ಅವ್ರು ಕಾಯ್ತಿದಾರೆ."

ನನಗೆ ಗೊತ್ತಿರಲಿಲ್ಲವೆಂದಲ್ಲ. ನಿಯಮ ಬಾಯಿಪಾಠ ಮಾಡಿದ್ದೆ. ಆದರೆ ಹಿಡಿಸಿಕೊಂಡವನು ಹೊರಗೆ ಹೋಗಬೇಕು ಎಂದು ಚಿಕ್ಕಂದಿನಿಂದ ಕಾಲಿಗೆ ಗೊತ್ತು. ಕಾಲು ನನ್ನನ್ನು ಕೇಳಲಿಲ್ಲ. ಅದೇ ಸಂಜೆ ಇನ್ನೆರಡು ಸಲ ಹೊರಗೆ ನಡೆದೆ. ಮೂರನೆಯ ಸಲ ಕೆವಿನ್ ಹಿಂದಿನಿಂದ ಜೆರ್ಸಿ ಹಿಡಿದು ಜಗ್ಗಿದ.

"ಎಲ್ಲಿಗೆ? ಬಿದ್ದಲ್ಲೇ ಏಳು. ಚೆಂಡು ನೆಲಕ್ಕಿಡು. ಕಾಲಲ್ಲಿ ಹಿಂದಕ್ಕೆ ತಳ್ಳು. ಹಿಂದಿರೋನು ಎತ್ಕೊಳ್ತಾನೆ. ನೀನು ಮತ್ತೆ ಬಾ."

ಇನ್ನೊಂದು ಅಭ್ಯಾಸವೂ ಬಿಡಲಿಲ್ಲ. ಕಬಡ್ಡಿಯಲ್ಲಿ ಕಾರ್ನರ್ ಮತ್ತು ಅವನ ಪಕ್ಕದವನು ಕೈ ಕೈ ಹಿಡಿದು ನಿಲ್ಲುತ್ತೇವೆ. ರೈಡರ್ ಒಳಗೆ ಬಂದರೆ ಸರಪಳಿಯ ಹಾಗೆ ಒಟ್ಟಿಗೆ ಬೀಳುತ್ತೇವೆ. ಇಲ್ಲಿ ಸಾಲಿನಲ್ಲಿ ನಿಂತಾಗ ನನ್ನ ಎಡಗೈ ತಾನಾಗಿ ಹೋಗಿ ಪಕ್ಕದಲ್ಲಿದ್ದ ಕೆವಿನ್ನನ ಕೈ ಹಿಡಿಯಿತು. ಅವನು ಕೈಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ನನಗೆ ಮದುವೆಯಾಗಿದೆ, ಶಾನ್" ಎಂದ.

ಒಂದು ವಾರ ಆ ಕ್ಲಬ್ಬಿನಲ್ಲಿ ಎಲ್ಲರೂ ನನ್ನನ್ನು ಕಂಡರೆ ಕೈ ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ನಗಲಿ ಎಂದುಕೊಂಡೆ. ಬೆಳಿಗ್ಗೆ ಎದ್ದು ಮನೆಯ ಹಿಂದಿನ ಓಣಿಯಲ್ಲಿ ಒಬ್ಬನೇ ಅಭ್ಯಾಸ ಮಾಡಿದೆ. ಬೀಳುವುದು, ಏಳುವುದು, ಚೆಂಡನ್ನು ಕಾಲಡಿ ಹಿಂದಕ್ಕೆ ತಳ್ಳುವುದು. ಪಕ್ಕದ ಮನೆಯ ಮುದುಕ ಹಾಲಿನ ಬಾಟ್ಲಿ ಎತ್ತಲು ಬಂದವನು ದಿನಾ ನೋಡುತ್ತಿದ್ದ. ಕೊನೆಗೊಂದು ದಿನ ಅವನೇ ಹಿಂದೆ ನಿಂತು ಚೆಂಡು ಎತ್ತಿ ಕೊಡತೊಡಗಿದ.

ಅಡುಗೆಮನೆ ಮೇಜು

ಸಂಜೆ ಊಟವಾದ ಮೇಲೆ ನನ್ನ ಮಂಡಿಗೆ ಉಳಿದ ಎಣ್ಣೆ ಹಚ್ಚುತ್ತಿದ್ದೆ. ವಾಸನೆಗೆ ಮೊದಲು ಕಿಟಕಿ ತೆರೆಯುತ್ತಿದ್ದ ಕೆವಿನ್ ಒಂದು ದಿನ ಸುಮ್ಮನೆ ಪ್ಯಾಂಟು ಮಡಚಿ ತನ್ನ ಮಂಡಿ ಮುಂದೆ ಮಾಡಿದ. ಹಚ್ಚಿದೆ. ಆ ಮಂಡಿ ಮುಟ್ಟಿದರೆ ಒಳಗೆ ಮರಳು ತುಂಬಿದ ಹಾಗಿತ್ತು.

ಅವನ ಕತೆ ನನಗೆ ಸಿಕ್ಕಿದ್ದು ಹಾಗೆ, ಒಂದೊಂದೇ ಗಾಯದ ಮೂಲಕ. ಈ ಬೆರಳು ಎಲ್ಲಿ ಎಂದು ಕೇಳುತ್ತಿದ್ದೆ, ಊರಿನ ಹೆಸರು ಹೇಳುತ್ತಿದ್ದ. ಈ ಮೂಗು? ಇನ್ನೊಂದು ಊರು. ಶಾಲೆ ಬಿಟ್ಟ ವರ್ಷವೇ ಆಡಲು ಸೇರಿದವನು. ಅಪ್ಪನೂ ಫಾರ್ವರ್ಡ್, ಗಿರಣಿಯಲ್ಲಿ ಕೂಲಿ. ಕೆವಿನ್ ಮೇಲಿನ ದೊಡ್ಡ ತಂಡಗಳಲ್ಲಿ ಬಹಳ ವರ್ಷ ಆಡಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹುಟ್ಟೂರಿನ ಕ್ಲಬ್ಬಿಗೆ ಬಂದಿದ್ದ. ಇಷ್ಟು ವರ್ಷಗಳಲ್ಲಿ ಗೆರೆ ದಾಟಿ ಚೆಂಡು ಒತ್ತಿದ್ದು ಬೆರಳಲ್ಲಿ ಎಣಿಸುವಷ್ಟು.

"ಬೇಜಾರಿಲ್ವಾ?" ಎಂದು ಕೇಳಿದೆ.

"ನನ್ನ ಕೆಲಸ ಅದಲ್ಲ. ಹತ್ತು ಗಜ ಮುಂದೆ ಹೋಗೋದು, ಮೂರು ಜನಾನ ನನ್ನ ಮೇಲೆ ಬೀಳಿಸ್ಕೊಳ್ಳೋದು. ಆ ಮೂರು ಜನ ಏಳೋದ್ರೊಳಗೆ ಆಚೆ ಕಡೆ ಓಡೋನಿಗೆ ಜಾಗ ಆಗಿರ್ತದೆ. ಪೇಪರಲ್ಲಿ ಅವನ ಫೋಟೋ ಬರ್ತದೆ."

ನನಗೆ ಈ ಮಾತಿಗೆ ಯಾವ ಅನುವಾದವೂ ಬೇಕಾಗಲಿಲ್ಲ. ಹೊಸ ಮನೆಯ ಗೃಹಪ್ರವೇಶದಲ್ಲಿ ಬಾಗಿಲ ಕೆತ್ತನೆ ಮಾಡಿದ ಆಚಾರಿಗೆ ಶಾಲು ಹೊದಿಸುತ್ತಾರೆ. ಆ ದಿಮ್ಮಿಯನ್ನು ಕಾಡಿನ ಇಳಿಜಾರಿನಿಂದ ಲಾರಿಗೆ ಏರಿಸಿದವರು ಯಾರು ಎಂದು ಕೇಳಿದವರನ್ನು ನಾನು ನೋಡಿಲ್ಲ. ಕೇಳದಿದ್ದರೂ ದಿಮ್ಮಿ ಏರಿರುತ್ತದೆ. ಆ ಹೆಮ್ಮೆ ನಮ್ಮ ಹತ್ತಿರ ಇರುತ್ತದೆ, ಯಾರೂ ಕೊಡಬೇಕಾಗಿಲ್ಲ.

ವ್ಯಾನಿನಲ್ಲಿ

ನಾಲ್ಕನೆಯ ವಾರ. ಕ್ಲಬ್ಬಿನ ಎರಡನೇ ತಂಡದಲ್ಲಿ ಎರಡು ಪಂದ್ಯ ಆಡಿದ್ದೆ. ಕೆಡವಿದರೂ ಹೊರಗೆ ನಡೆಯಲಿಲ್ಲ. ಕ್ಲಬ್ಬಿನಲ್ಲಿ ಶ್ರೀಧರ ನನ್ನ ಭುಜಕ್ಕೆ ಪಟ್ಟಿ ಸುತ್ತುತ್ತಾ ದನಿ ತಗ್ಗಿಸಿದರು.

"ಒಂದು ವಿಷ್ಯ ಹೇಳ್ತೀನಿ. ನನ್ ಹೆಸ್ರು ಎತ್ತಬೇಡಿ. ಮುಂದಿನ ಸೀಸನ್‌ಗೆ ಇವ್ರ ಹತ್ರ ಇರೋದು ಒಬ್ಬ ಫಾರ್ವರ್ಡ್‌ಗೆ ಜಾಗ. ನೀವು, ಇಲ್ಲಾಂದ್ರೆ ಕೆವಿನ್. ಬರೋ ಭಾನುವಾರ ಇಬ್ಬರನ್ನೂ ಮೊದಲ್ನೇ ತಂಡದಲ್ಲಿ ಆಡ್ಸಿ ನೋಡಿ ತೀರ್ಮಾನ ಮಾಡ್ತಾರೆ."

ಅವತ್ತು ರಾತ್ರಿ ಆಲೂಗಡ್ಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಸವಿತಾಗೆ ಫೋನು ಮಾಡಿದೆ.

"ಉಂಡ ಮನೆ ಜಂತೆ ಎಣಿಸೋ ಕೆಲಸ ಆಯ್ತಲ್ಲೇ ಇದು" ಎಂದೆ.

"ಅವ್ರಿಗೆ ಗೊತ್ತಾ?"

"ಗೊತ್ತಿಲ್ಲ ಅನ್ಸುತ್ತೆ."

"ಹಂಗಾದ್ರೆ ನೀವೇ ಹೇಳಿ. ಕದ್ದು ಮುಚ್ಚಿ ಯಾಕೆ? ಹೇಳಿ ಆಡಿ. ಸುಮ್ನೆ ಬಿಟ್ಟುಕೊಟ್ಟು ಬಂದು ದೊಡ್ಡ ಮನುಷ್ಯ ಅನ್ನಿಸ್ಕೋಬೇಡಿ. ಅದನ್ನೂ ಜನ್ಮಪೂರ್ತಿ ನಾನೇ ಕೇಳಬೇಕಾಗ್ತದೆ."

ಮಾರನೆಯ ದಿನ ಅಭ್ಯಾಸಕ್ಕೆ ಹೋಗುವಾಗ ಅವನ ವ್ಯಾನಿನಲ್ಲಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಜಾಗ ಒಂದು. ನೀನು, ನಾನು.

ಕೆವಿನ್ ಗೇರು ಬದಲಿಸಿದ. "ನೀನು ವಿಮಾನ ಹತ್ತೋ ಮೊದಲೇ ನನಗೆ ಗೊತ್ತು."

"ಮತ್ತೆ ಯಾಕೆ ಮನೇಲಿ ಇಟ್ಕೊಂಡೆ?"

"ಕ್ಲಬ್ಬಿನವರು ಕೇಳಿದ್ರು. ರೂಮು ಖಾಲಿ ಇತ್ತು."

"ಕಲಿಸಿದ್ದು ಯಾಕೆ?"

ಅವನು ರಸ್ತೆ ನೋಡುತ್ತಾ ಓಡಿಸಿದ. ಸಿಗ್ನಲ್ ಕೆಂಪಾಯಿತು, ವ್ಯಾನು ನಿಂತಿತು.

"ನನ್ನ ಅಪ್ಪ ಹಾಕಿದ ಜೆರ್ಸಿ ಅದು. ನನ್ನಿಂದ ಯಾರಾದ್ರೂ ಕಿತ್ಕೊಳ್ಳೋದಾದ್ರೆ ಆಟ ಬರೋನು ಕಿತ್ಕೊಳ್ಳಲಿ. ಮೂರು ಜನ ಹಿಡಿದ ಕೂಡಲೇ ಬೆಂಚಿಗೆ ಹೋಗಿ ಕೂರೋನ ಕೈಗೆ ಹೋದ್ರೆ ನಾನು ಮುಖ ಎಲ್ಲಿಡಲಿ?" ಹಸಿರು ಬಂತು. "ನಾನಾಗಿ ಕೊಡೋದಿಲ್ಲ, ಶಾನ್. ಆಗೋದಾದ್ರೆ ತಗೋ."

"ತಗೋತೀನಿ" ಎಂದೆ.

ಆಮೇಲೆ ಮೈದಾನ ಬರುವವರೆಗೂ ಹವಾಮಾನದ ಮಾತು ಆಡಿದೆವು.

ಭಾನುವಾರ

ಅವತ್ತು ಮಾತ್ರ ಮಳೆ ನನ್ನ ಮರ್ಯಾದೆ ಉಳಿಸುವಷ್ಟು ಬಂತು. ಕೊಡೆ ಹಿಡಿದ ಮುದುಕರು, ಪ್ಲಾಸ್ಟಿಕ್ಕು ಸುತ್ತಿಕೊಂಡ ಹೆಂಗಸರು, ಕೈಯಲ್ಲಿ ಬಿಸಿ ಕಡುಬಿನಂಥ ತಿಂಡಿ. ನಮ್ಮ ಜನರ ಹಾಗೆ ಕೂಗುವುದಿಲ್ಲ. ಇಡೀ ಪಂದ್ಯ ಗೊಣಗುತ್ತಾರೆ, ಒಳ್ಳೆಯದಾದರೂ ಗೊಣಗುತ್ತಾರೆ.

ಕೆವಿನ್ ಮೊದಲಿನಿಂದ ಆಡಿದ. ನಾನು ಬೆಂಚಿನ ಮೇಲೆ ಕೂತು ನೋಡಿದೆ. ಅವನು ಹಾಗೆ ಆಡಿದ್ದನ್ನು ಆ ಕ್ಲಬ್ಬಿನವರು ಎರಡು ವರ್ಷದಿಂದ ನೋಡಿರಲಿಲ್ಲವಂತೆ. ಪ್ರತಿ ಸಲ ಮೂವರನ್ನು ಮೈಮೇಲೆ ಎಳೆದುಕೊಂಡು, ಬಿದ್ದು, ಎದ್ದು, ಮತ್ತೆ ಬಂದ. ಕೊನೆಗೆ ಉಸಿರಾಡಲು ಆಗದೆ ಬಂದು ನನ್ನ ಪಕ್ಕ ಕುಸಿದ. ನಾನು ನೆಲ ಮುಟ್ಟಿ ಒಳಗೆ ಹೋದೆ.

ಅವತ್ತು ಎಷ್ಟು ಪಾದ ಹಿಡಿದೆನೋ ನೆನಪಿಲ್ಲ. ಕೆಸರಿನಲ್ಲಿ ಎಲ್ಲ ಪಾದವೂ ಒಂದೇ. ಚೆಂಡು ಸಿಕ್ಕಾಗಲೆಲ್ಲ ಲಾರಿಗೆ ದಿಮ್ಮಿ ಒತ್ತುವ ಹಾಗೆ ಭುಜ ಕೊಟ್ಟು ನುಗ್ಗಿದೆ. ಒಬ್ಬನ ಮೊಣಕೈ ತಾಗಿ ಹುಬ್ಬು ಒಡೆಯಿತು. ಶ್ರೀಧರ ಓಡಿ ಬಂದು ಪಟ್ಟಿ ಅಂಟಿಸಿ, "ಸಾಕಾ?" ಎಂದರು. "ಸರೀರಿ ಆಚೆ" ಎಂದೆ.

ಕೊನೆಯ ಹೊತ್ತಿಗೆ ನಾವು ನಾಲ್ಕು ಅಂಕ ಮುಂದೆ. ಎದುರಾಳಿಗಳು ನಮ್ಮ ಗೆರೆಯ ಬಾಯಿಗೆ ಬಂದಿದ್ದರು. ಒಂದು ಸಲ ದಾಟಿ ಒತ್ತಿ, ಆಮೇಲಿನ ಒದೆತವನ್ನೂ ಕಂಬಗಳ ನಡುವೆ ಹಾಕಿದರೆ ಅವರು ಗೆಲ್ಲುತ್ತಿದ್ದರು. ನಮ್ಮ ಇನ್ನೊಬ್ಬ ಫಾರ್ವರ್ಡ್ ಕಾಲು ಹಿಡಿದುಕೊಂಡು ಬಿದ್ದ. ಕೋಚ್ ಕೆವಿನ್ನನನ್ನು ಮತ್ತೆ ಒಳಗೆ ಕಳಿಸಿದ. ಕುಂಟುತ್ತಾ ಬಂದು ನನ್ನ ಎಡಗಡೆ ನಿಂತ. ಒಂದೇ ಜಾಗಕ್ಕೆ ನೋಡುತ್ತಿದ್ದ ಇಬ್ಬರೂ ಅಕ್ಕಪಕ್ಕ.

ಐದು ಸಲ ಬಂದರು, ಐದು ಸಲ ಕೆಡವಿದೆವು. ಆರನೆಯದಕ್ಕೆ ಅವರ ಅತಿ ದೊಡ್ಡ ಆಳು ಚೆಂಡು ಅಪ್ಪಿಕೊಂಡು ನಮ್ಮಿಬ್ಬರ ನಡುವಿನ ಸಂದಿಗೇ ಗುರಿ ಇಟ್ಟು ಬಂದ. ನನ್ನ ಕೈ ಮತ್ತೆ ನನ್ನನ್ನು ಕೇಳಲಿಲ್ಲ. ಹೋಗಿ ಕೆವಿನ್ನನ ಕೈ ಹಿಡಿಯಿತು. ಆ ಸೊಟ್ಟ ಕಿರುಬೆರಳು ನನ್ನ ಅಂಗೈಗೆ ಚುಚ್ಚಿತು. ಅವನು ಕೈ ಎಳೆದುಕೊಳ್ಳಲಿಲ್ಲ. ಗಟ್ಟಿ ಹಿಡಿದ.

ಸರಪಳಿಯ ಹಾಗೆ ಒಟ್ಟಿಗೆ ಹೋದೆವು. ಬಂದವನು ಸಂದಿ ಎಂದುಕೊಂಡದ್ದು ಬೇಲಿಯಾಗಿತ್ತು. ಅವನ ಸೊಂಟಕ್ಕೆ ನಮ್ಮ ಕೈ ಸಿಕ್ಕಿತು, ಹಿಂದಕ್ಕೆ ಅಂಗಾತ ಬಿದ್ದ, ಅವನ ಮೇಲೆ ನಾವಿಬ್ಬರೂ. ಚೆಂಡು ಎಲ್ಲೋ ಉರುಳಿತು. ಪಂದ್ಯ ಮುಗಿದ ಸೀಟಿ ಕೇಳಿತು. ಕೊಡೆ ಹಿಡಿದವರು ಗೊಣಗುವುದನ್ನು ಮರೆತು ಕೂಗಿದ್ದು ಅದೊಂದೇ ಸಲ ಕೇಳಿದ್ದೇನೆ.

ಕೆಸರಲ್ಲಿ ಬಿದ್ದುಕೊಂಡೇ ಕೆವಿನ್ ಹೇಳಿದ. "ಈಗ ಕೈ ಬಿಡು. ಲಿಂಡಾ ನೋಡ್ತಿದಾಳೆ."

ಕ್ಲಬ್ಬಿನ ಆಫೀಸು

ಮಂಗಳವಾರ ಕೋಚ್ ಇಬ್ಬರನ್ನೂ ಒಟ್ಟಿಗೆ ಕರೆದ. ಬೇರೆ ಬೇರೆ ಕರೆಯಬಹುದಿತ್ತು. ಆ ಊರಿನವರು ಇಂಥದ್ದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮಲ್ಲಾದರೆ ಮೊದಲು ಕಾಫಿ ಕೊಟ್ಟು, ಮನೆಯವರನ್ನೆಲ್ಲ ವಿಚಾರಿಸಿ, ಕೊನೆಗೆ ಬಾಗಿಲ ಹತ್ತಿರ ನಿಂತು ಹೇಳುತ್ತಾರೆ.

"ಶಾನ್‌ಗೆ ಒಂದು ಸೀಸನ್" ಎಂದ. "ಕೆವಿನ್, ನಿನ್ನ ಮಂಡಿ ಇನ್ನೊಂದು ಚಳಿಗಾಲ ತಡೆಯಲ್ಲ. ನಿನಗೂ ಗೊತ್ತು."

"ಸರಿ" ಎಂದ ಕೆವಿನ್. ಎದ್ದು ಹೋಗಿ ನಲ್ಲಿಯ ಕೆಳಗೆ ಬೂಟು ತೊಳೆದ. ಕೆಸರು ಹೋದ ಮೇಲೂ ಬಹಳ ಹೊತ್ತು ತೊಳೆದ.

ಗೆದ್ದಿದ್ದೆ. ಅದಕ್ಕೆಂದೇ ಸಮುದ್ರ ದಾಟಿ ಬಂದವನು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಮತ್ತು ಅದು ನಿಜ. ಆದರೂ ಆ ಮನೆಯ ಬಾಗಿಲಲ್ಲಿ ಬೂಟು ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಲಿಂಡಾ ನನ್ನ ತಟ್ಟೆಗೆ ಎಂದಿನಷ್ಟೇ ಬಡಿಸಿದಳು.

"ನನ್ನ ಮುಖ ನೋಡಬೇಡ ಲವ್, ತಿನ್ನು" ಎಂದಳು. "ಭಾನುವಾರ ಆಂಬ್ಯುಲೆನ್ಸಿನ ಸದ್ದು ಕೇಳಿದ್ರೆ ಇಷ್ಟು ವರ್ಷ ನನ್ನ ಎದೆ ಏನಾಗ್ತಿತ್ತು ಅಂತ ಅವನಿಗೆ ಹೇಳಿಲ್ಲ. ಈಗ್ಲೂ ಹೇಳಬೇಡ. ಅವನು ಎರಡು ದಿನ ಮಾತಾಡಲ್ಲ, ಅಷ್ಟೆ."

ಸವಿತಾಗೆ ವಿಡಿಯೋ ಕಾಲ್ ಮಾಡಿ ಸುದ್ದಿ ಹೇಳಿದೆ. "ಹುಬ್ಬಿಗೆ ಎಂತ ಆಗಿದೆ, ಹತ್ರ ತೋರ್ಸಿ" ಎಂದಳು.

ಮಾಡಿನ ಮೇಲೆ

ಮರುದಿನ ಬೆಳಿಗ್ಗೆ ಕೆವಿನ್ ನನ್ನನ್ನು ಕರೆಯದೆ ಕೆಲಸಕ್ಕೆ ಹೊರಟ. ನಾನು ಕೇಳದೆ ವ್ಯಾನು ಹತ್ತಿದೆ. ಇಳಿ ಎನ್ನಲಿಲ್ಲ.

ಗುಡ್ಡದ ಮೇಲಿನ ಒಂದು ಹಳೆಯ ಮನೆ. ಗಾಳಿಗೆ ಮಾಡಿನ ಒಂದು ಪಕ್ಕ ಕಿತ್ತುಹೋಗಿತ್ತು. ಅವನು ಏಣಿ ಹತ್ತಿ ಹೋದ. ಕೆಳಗೆ ಕಲ್ಲಿನ ಹಂಚು ಒಟ್ಟಿತ್ತು. ಹೊರುವ ಕೆಲಸ ಕಂಡ ಮೇಲೆ ಕೈಕಟ್ಟಿ ನಿಲ್ಲುವುದು ನನಗೆ ಬರುವುದಿಲ್ಲ. ಒಂದು ಹೊರೆ ಭುಜಕ್ಕಿಟ್ಟು ಹತ್ತಿದೆ. ಅವನು ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿದ. ಒಂದು ಹಂಚು ಕೊಟ್ಟೆ. ಇಟ್ಟು ಮೊಳೆ ಹೊಡೆದ. ಮತ್ತೆ ಕೈ ಚಾಚಿದ. ಮೇಲಿಂದ ಊರೆಲ್ಲ ಕಾಣುತ್ತಿತ್ತು, ಚಿಮಣಿ, ಸಾಲು ಮನೆ, ಮೈದಾನದ ಬಿಳಿ ಕಂಬಗಳು. ಒಂದು ಸಾಲು ಪೂರ್ತಿ ಮಾತಿಲ್ಲದೆ ಮುಗಿಯಿತು.

ಎರಡನೆಯ ಸಾಲು ಶುರುಮಾಡುತ್ತ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೇಳಿದ. "ಮುಂದಿನ ಸೀಸನ್ ಮೊದಲ್ನೇ ಮ್ಯಾಚು ಯಾರ ಮೇಲೆ ಗೊತ್ತಾ?"

"ಇಲ್ಲ."

"ಸಮುದ್ರದ ಕಡೆಯವರು. ಅವರಲ್ಲಿ ಕೆಂಚು ಕೂದಲಿನ ಫಾರ್ವರ್ಡ್ ಒಬ್ಬ ಇದಾನೆ. ಬಂದ ಕೂಡಲೇ ನಗ್ತಾ ಮಾತಾಡಿಸ್ತಾನೆ. ಉತ್ತರ ಕೊಡಬೇಡ. ಎಡ ಭುಜದಲ್ಲಿ ಗುದ್ದೋದು ಅವನ ಅಭ್ಯಾಸ. ಬಲಗಡೆ ಮಂಡಿ ಹಳೇದು, ಆ ಕಡೆಯಿಂದ ಹೋಗು." ಕೈ ಚಾಚಿದ. ಹಂಚು ಕೊಟ್ಟೆ. "ಎರಡನೇದು ಗುಡ್ಡದ ಆಚೆ ಊರು. ಅವರ ಹತ್ತನೇ ನಂಬರು ಇದಾನಲ್ಲ, ಅವನು ಬಿದ್ದ ಮೇಲೆ ಕಿವಿ ಹಿಂಡ್ತಾನೆ, ರೆಫ್ರಿಗೆ ಕಾಣದ ಹಾಗೆ."

ಹೀಗೆ ಒಬ್ಬೊಬ್ಬರನ್ನೇ ಹೇಳುತ್ತಾ ಹೋದ. ಯಾರ ಉಸಿರು ಬೇಗ ಸೋಲುತ್ತದೆ, ಯಾರು ಬೈದರೆ ಕೆರಳುತ್ತಾನೆ, ಯಾವ ಮೈದಾನದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ. ನಾನು ಒಂದೊಂದನ್ನೂ ಮನಸ್ಸಿನಲ್ಲಿ ಒತ್ತಿ ಇಟ್ಟುಕೊಂಡೆ. ಅವನು ನನ್ನ ಮುಖ ನೋಡಲಿಲ್ಲ, ನಾನೂ ನೋಡಲು ಹೋಗಲಿಲ್ಲ.

ಹಂಚು ಮುಗಿಯಿತು. ಅವನ ಮಾತು ಮುಗಿದಿರಲಿಲ್ಲ. ನಾನು ಕೆಳಗಿಳಿದು ಇನ್ನೊಂದು ಹೊರೆ ತಂದೆ.